ಕಾಗಿಣಾ ದಂಡೆಯ ಒಂದು ಹಳೆಯ ತಕರಾರು

(ಬಾನುಲಿ ಭಾಷಣ)

‘ಈಗಿನವರ ಕನ್ನಡ ಕೆಟ್ಟುಹೋಯಿತು’ ಎಂಬ ದೂರು ಎಷ್ಟು ಹಳೆಯದೆಂದು ಯಾರಾದರೂ ಕೇಳಿದರೆ, ಕಲಬುರಗಿ ಜಿಲ್ಲೆಯವರಾದ ನಾವು ತುಸು ಹೆಮ್ಮೆಯಿಂದಲೇ ಉತ್ತರ ಹೇಳಬಹುದು. ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ವಾಡಿಯಲ್ಲಿ ಸಿಕಂದರಾಬಾದಿನ ಗಾಡಿ ಹತ್ತಿ ಚಿತ್ತಾಪುರ ದಾಟಿದರೆ, ಸೇಡಂ ಬರುವುದಕ್ಕೆ ಮೊದಲು ಮಳಖೇಡ ರೋಡ್ ಎಂಬ ನಿಲ್ದಾಣ ಸಿಗುತ್ತದೆ. ಕಾಗಿಣಾ ನದಿಯ ದಂಡೆಯ ಮೇಲಿರುವ ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅರಬ ಪ್ರವಾಸಿಗಳು ಮಾನ್ಕೀರ್ ಎಂದು ಬರೆದುಕೊಂಡು ಹೋದ ನಗರವೂ ಅದೇ. ಅಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು ಕ್ರಿ.ಶ. 850ರ ವೇಳೆಗೆ, ಕವಿರಾಜಮಾರ್ಗವೆಂಬ ಗ್ರಂಥ ಹುಟ್ಟಿತು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಆ ಮೊದಲನೆಯ ಗ್ರಂಥ ಕಥೆಯಲ್ಲ, ಸ್ತೋತ್ರವಲ್ಲ. ಬಹುಮಟ್ಟಿಗೆ ಅದು ಯಾವ ಮಾತು ಸರಿ, ಯಾವ ಮಾತು ತಪ್ಪು ಎಂಬ ಚರ್ಚೆ. ಅಂದರೆ ನಮ್ಮ ಉಪಲಬ್ಧ ಸಾಹಿತ್ಯ ಶುರುವಾಗುವುದೇ ಒಂದು ತಕರಾರಿನಿಂದ.

‘ತಕರಾರು’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅದು ಅರಬೀ ಮೂಲದ ಶಬ್ದ. ನೃಪತುಂಗನ ಕಾಲದ ಪಂಡಿತನಿಗೆ ಅದು ತಿಳಿಯುತ್ತಿರಲಿಲ್ಲ. ಸೇಡಂ ತಾಲೂಕಿನ ಯಾವ ಹಳ್ಳಿಯಲ್ಲಾದರೂ ಇಂದು ಅದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಈ ಸಾವಿರದ ಇನ್ನೂರು ವರ್ಷಗಳಲ್ಲಿ ಇದೇ ನೆಲದ ಮೇಲೆ ಶಬ್ದಗಳು ಹೇಗೆ ಬಂದವು, ಹೇಗೆ ಹೋದವು, ಯಾರು ತಡೆಯಲು ಹೊರಟರು, ತಡೆದದ್ದು ನಿಂತಿತೆ ಎಂಬುದನ್ನು ಸ್ವಲ್ಪ ನೋಡೋಣ.

ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ, ಅವನ ಸಭಾಸದನಾದ ಶ್ರೀವಿಜಯನೋ ಎಂಬ ವಾದ, ಕೆ. ಬಿ. ಪಾಠಕರು 1898ರಲ್ಲಿ ಗ್ರಂಥವನ್ನು ಅಚ್ಚು ಹಾಕಿಸಿದ ಕಾಲದಿಂದಲೂ ನಡೆದುಬಂದಿದೆ. ಇಂದು ಬಹುಮಂದಿ ಶ್ರೀವಿಜಯನ ಪಕ್ಷ. ಅದು ಹಾಗಿರಲಿ. ಮಾತಿನ ವಿಷಯದಲ್ಲಿ ಗ್ರಂಥಕಾರನಿಗೆ ಮೂರು ಚಿಂತೆಗಳಿದ್ದವು. ಆ ಮೂರೂ ನಮ್ಮ ಚಿಂತೆಗಳೇ.

ಮೊದಲನೆಯದು ಬೆರಕೆಯ ಚಿಂತೆ. ಸಂಸ್ಕೃತ ಶಬ್ದವನ್ನೂ ಕನ್ನಡ ಶಬ್ದವನ್ನೂ ವಿವೇಕವಿಲ್ಲದೆ ಒಂದೇ ಸಮಾಸದಲ್ಲಿ ಕೂಡಿಸಿದರೆ, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತಾಗುತ್ತದೆ ಎಂದು ಅವನು ಎಚ್ಚರಿಸುತ್ತಾನೆ. ಎರಡನೆಯದು ಹಳೆಯ ಶಬ್ದಗಳ ಚಿಂತೆ. ಹಿಂದಿನ ಕಾವ್ಯಗಳಲ್ಲಿ ಸೊಗಸಾಗಿದ್ದ ಮಾತುಗಳನ್ನೇ ಇಂದೂ ತಂದು ಹಾಕಿದರೆ ರಸ ಕೆಡುತ್ತದೆಂದು, ಮುಪ್ಪಿನ ಹೆಂಗಸಿನೊಡನೆಯ ಪ್ರಣಯವನ್ನು ಹೋಲಿಕೆಯಾಗಿ ಕೊಟ್ಟು, ಸ್ವಲ್ಪ ಒರಟಾಗಿಯೇ ಹೇಳುತ್ತಾನೆ. ನಾವು ‘ಹಳಗನ್ನಡ’ವೆಂದು ಕರೆಯುವ ಕಾಲದವನೊಬ್ಬ ತನಗಿಂತ ಹಿಂದಿನದನ್ನು ಹಳೆಯ ಕನ್ನಡವೆಂದು ದೂರ ಇಡುವುದನ್ನು ಇಲ್ಲಿ ಗಮನಿಸಬೇಕು. ಮೂರನೆಯದು ಪ್ರಾಂತಭೇದದ ಚಿಂತೆ. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನೆಲ್ಲ ಎಣಿಸಲು ಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎಂಬುದು ಅವನ ಮಾತು. ಮೊದಲ ಎರಡರಲ್ಲಿ ಕಟ್ಟುನಿಟ್ಟಾಗಿರುವ ಪಂಡಿತ ಮೂರನೆಯದಕ್ಕೆ ಬಂದಾಗ ಕೈಚೆಲ್ಲಿ ನಗುತ್ತಾನೆ.

ಇನ್ನೊಂದು ಸಂಗತಿಯಿದೆ, ನಮ್ಮ ಕಡೆಯವರು ಅದನ್ನು ಅಷ್ಟಾಗಿ ಗಮನಿಸಿಲ್ಲವೆಂದು ನನಗೆ ಅನ್ನಿಸುತ್ತದೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಹೇಳಿದ ಮೇಲೆ ಗ್ರಂಥಕಾರ ಅದರೊಳಗಿನ ತಿರುಳಾದ ಕನ್ನಡ ಎಲ್ಲಿಯದು ಎಂಬುದನ್ನೂ ಹೇಳುತ್ತಾನೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ — ಈ ನಾಲ್ಕರ ನಡುವಣ ಕನ್ನಡವೇ ತಿರುಳ್ಗನ್ನಡ. ಇಂದಿನ ಹೆಸರಿನಲ್ಲಿ ಹೇಳುವುದಾದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಸೀಮೆ. ಮಾನ್ಯಖೇಟ ಅದರೊಳಗೆ ಬರುವುದಿಲ್ಲ! ಸಾಮ್ರಾಜ್ಯದ ರಾಜಧಾನಿಯಲ್ಲಿ, ಚಕ್ರವರ್ತಿಯ ಎದುರಿಗೆ ಕುಳಿತು, ‘ಒಳ್ಳೆಯ ಕನ್ನಡ ಇಲ್ಲಿಯದಲ್ಲ, ಅಲ್ಲಿಯದು’ ಎಂದು ಬರೆಯಲಾಗಿದೆ. 941ರಲ್ಲಿ ತನ್ನ ಭಾರತವನ್ನು ಮುಗಿಸಿದ ಪಂಪನೂ, ತಾನಿದ್ದದ್ದು ಈಗಿನ ತೆಲಂಗಾಣದಲ್ಲಿರುವ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಾದರೂ, ತನ್ನ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದೇ ಹೇಳಿಕೊಂಡ. ಸಾವಿರ ವರ್ಷಗಳ ನಂತರ ಅಚ್ಚುಕೂಟ, ಪಠ್ಯಪುಸ್ತಕ, ಪತ್ರಿಕೆಗಳ ಬಲದಿಂದ ಆ ಗೌರವ ಮೈಸೂರು–ಬೆಂಗಳೂರುಗಳ ಕಡೆಗೆ ಸರಿಯಿತು. ಒಂದು ಸೀಮೆಯ ಮಾತು ಶಿಷ್ಟವೆನಿಸಿಕೊಳ್ಳುವುದು ಅದರ ಹುಟ್ಟುಗುಣದಿಂದಲ್ಲ, ಕಾಲದ ಅನುಕೂಲದಿಂದ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಶಾಸ್ತ್ರಕಾರನ ಎಚ್ಚರಿಕೆಗೆ ಆಮೇಲೆ ಏನಾಯಿತು? ಸಮಾಸದ ನಿಯಮ ವ್ಯಾಕರಣಗಳಲ್ಲಿ ಉಳಿಯಿತು. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜ ಇಂಥ ಬೆರಕೆಯ ಸಮಾಸಗಳನ್ನು ಅರಿಸಮಾಸವೆಂದು ಕರೆದ. ‘ಅರಿ’ ಎಂದರೆ ಶತ್ರು. ಅದಕ್ಕೂ ಹಿಂದೆ, 1112ರಲ್ಲಿ ಮುಳುಗುಂದದ ನಯಸೇನ, ಕನ್ನಡಕ್ಕೆ ಸಂಸ್ಕೃತವನ್ನು ತುರುಕುವುದು ತುಪ್ಪಕ್ಕೆ ಎಣ್ಣೆ ಬೆರಸಿದಂತೆ ಎಂದು ಹಳಿದಿದ್ದ. ಆದರೆ ಬಳಕೆ ತನ್ನ ದಾರಿ ಹಿಡಿಯಿತು. ಇಂದು ನಾವು ‘ಹಳೆವಿದ್ಯಾರ್ಥಿ’, ‘ಮಳೆಗಾಲ’, ‘ಕಾಡುಪ್ರಾಣಿ’ ಎನ್ನುತ್ತೇವೆ. ಹಾಲು ಒಡೆದದ್ದು ಯಾರಿಗೂ ಕಾಣಿಸಲಿಲ್ಲ.

ಹಾಲಿನ ಮಾತು ಬಂದದ್ದರಿಂದ ಹೇಳುತ್ತೇನೆ: ನೃಪತುಂಗನ ಕಾಲಕ್ಕೆ ಅದು ಹಾಲಲ್ಲ, ಪಾಲ್. ಹೂವು ಪೂ, ಹಗಲು ಪಗಲ್, ಹೋಗು ಪೋಗು. ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಈ ಪಕಾರ ಮೆಲ್ಲಮೆಲ್ಲನೆ ಹಕಾರವಾಯಿತು. ಹಾಗೆಯೇ ೞ ಮತ್ತು ಱ ಎಂಬ ಎರಡು ಅಕ್ಷರಗಳು ಉಚ್ಚಾರದಿಂದ ಜಾರಿಹೋದವು. ಯಾವ ಶಬ್ದದಲ್ಲಿ ಸಾಮಾನ್ಯ ಳಕಾರ, ಯಾವುದರಲ್ಲಿ ೞ ಬರಬೇಕೆಂದು ಕೇಶಿರಾಜ ಪಟ್ಟಿ ಮಾಡಿಕೊಡಬೇಕಾಯಿತು. ಪಟ್ಟಿ ಬೇಕಾಗುವುದು ಯಾವಾಗ? ಜನ ಮರೆಯತೊಡಗಿದಾಗ. ಇಂದು ಯಾವ ಕಟ್ಟಾ ಶುದ್ಧವಾದಿಯೂ ಆ ೞಕಾರಕ್ಕಾಗಿ ಅಳುವುದಿಲ್ಲ. ತನ್ನ ನಾಲಗೆಯಲ್ಲಿ ಅದು ಇಲ್ಲವೆಂಬುದೇ ಅವನಿಗೆ ನೆನಪಿಲ್ಲ.

ಹೀಗೆಂದ ಮಾತ್ರಕ್ಕೆ ಶಬ್ದದ ವಿಚಾರ ಬರಿಯ ಪಂಡಿತರ ಹಟವೆಂದು ತಿಳಿಯಬಾರದು. ಈ ಸೀಮೆಯಲ್ಲಿ ಶಬ್ದಶಾಸ್ತ್ರಕ್ಕೆ ಅನ್ನ, ಆಶ್ರಯ ಎರಡೂ ಇದ್ದವು. ಚಿತ್ತಾಪುರದ ಪಕ್ಕದಲ್ಲೇ ಇರುವ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಒಂದು ಘಟಿಕಾಸ್ಥಾನವಿತ್ತು. 1058ರ ಶಾಸನ ಅಲ್ಲಿ ವೇದ ಓದುವ 200 ವಿದ್ಯಾರ್ಥಿಗಳ, ಬೇರೆಯಾಗಿ ಶಾಸ್ತ್ರ ಓದುವವರ, ಅವರ ಉಪಾಧ್ಯಾಯರ ವ್ಯವಸ್ಥೆಯನ್ನು ಹೇಳುತ್ತದೆ; ಜೊತೆಗೆ ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ‘ಸರಸ್ವತೀ ಭಾಂಡಾರಿಗ’ರನ್ನು ಹೆಸರಿಸುತ್ತದೆ. ಇಂದಿನ ‘ಗ್ರಂಥಪಾಲ’ ಎಂಬ ನಮ್ಮ ಪಾರಿಭಾಷಿಕ ಪದಕ್ಕಿಂತ ಆ ಹೆಸರು ಎಷ್ಟು ಚೆನ್ನಾಗಿದೆ! ಹನ್ನೆರಡನೆಯ ಶತಮಾನದ ಸೇಡಂ ಶಾಸನಗಳಲ್ಲಿಯೂ ಆ ಊರಿನ ಮುನ್ನೂರು ಮಹಾಜನರ ಪ್ರಶಂಸೆಯಿದೆ. ಅಲ್ಲಿ ಊರಿನ ಹೆಸರು ಸೇಡಿಂಬ. ಸೇಡಿಂಬ ಸೇಡಂ ಆದದ್ದು ಯಾವ ಸರಕಾರಿ ಆಜ್ಞೆಯಿಂದಲೂ ಅಲ್ಲ, ಕರೆಯುವವರ ಬಾಯಿಂದ.

ಶಹಾಬಾದಿನ ಸಮೀಪದ ಮರತೂರಿಗೆ ಬಂದರೆ ಒಂದು ಶಬ್ದದ ಅರ್ಥ ಎಷ್ಟು ದೊಡ್ಡ ಕೆಲಸ ಮಾಡಬಲ್ಲದೆಂಬುದಕ್ಕೆ ಉದಾಹರಣೆ ಸಿಗುತ್ತದೆ. ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನ ಊರು ಮರತೂರೆಂದು ವಿದ್ವಾಂಸರು ಹೇಳುತ್ತಾರೆ. ಅವನ ಎದುರಿಗಿದ್ದ ಶಬ್ದಗಳಲ್ಲಿ ಒಂದು ‘ಸಪಿಂಡ’. ಪಿಂಡವೆಂದರೆ ಶ್ರಾದ್ಧದ ಅನ್ನದ ಉಂಡೆಯೋ, ದೇಹವೋ? ವಿಜ್ಞಾನೇಶ್ವರ ದೇಹವೆಂದ, ಒಂದೇ ಶರೀರದ ಅಂಶಗಳನ್ನು ಹಂಚಿಕೊಂಡವರು ಸಪಿಂಡರು. ಬಂಗಾಳದ ಜೀಮೂತವಾಹನ ಅನ್ನದ ಪಿಂಡವೆಂಬ ಅರ್ಥವನ್ನೇ ಹಿಡಿದ. ‘ದಾಯ’ ಎಂಬ ಶಬ್ದದ ವಿಷಯದಲ್ಲಿಯೂ ಹೀಗೆಯೇ ಇಬ್ಬರೂ ಬೇರೆಯಾದರು. ಮಿತಾಕ್ಷರದ ಪ್ರಕಾರ ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು; ದಾಯಭಾಗದ ಪ್ರಕಾರ ತಂದೆಯ ಮರಣಾನಂತರ. ಕೋಲ್‌ಬ್ರೂಕ್ 1810ರಲ್ಲಿ ಎರಡನ್ನೂ ಇಂಗ್ಲಿಷಿಗೆ ತಂದಮೇಲೆ ಬ್ರಿಟಿಷ್ ನ್ಯಾಯಾಲಯಗಳು ಈ ಅರ್ಥಭೇದದ ಮೇಲೆಯೇ ಕುಟುಂಬಗಳ ಆಸ್ತಿಯನ್ನು ತೀರ್ಮಾನಿಸಿದವು. ಹೆಣ್ಣುಮಕ್ಕಳಿಗೂ ಹುಟ್ಟಿನ ಹಕ್ಕು ದೊರೆಯಲು 2005ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಶಬ್ದಾರ್ಥದ ಜಗಳ ಹೊಟ್ಟೆಗೆ ಹಿಟ್ಟಿಲ್ಲದ ಜಗಳವೆನ್ನುವವರು ಇದನ್ನು ನೆನೆಯಬೇಕು.

ಮುಂದೆ 1347ರಲ್ಲಿ ಕಲಬುರಗಿ ಬಹಮನಿಗಳ ರಾಜಧಾನಿಯಾಯಿತು. ಅಲ್ಲಿಂದ 1948ರ ಸೆಪ್ಟೆಂಬರಿನವರೆಗೆ, ಆರುನೂರು ವರ್ಷಗಳ ಕಾಲ, ಬಹಮನಿ, ಆದಿಲಶಾಹಿ, ಮೊಗಲ, ನಿಜಾಮ — ಹೀಗೆ ಆಳಿಕೆಯ ಭಾಷೆ ಪಾರಸಿಯಾಗಿ, 1884ರ ವೇಳೆಗೆ ಉರ್ದುವಾಗಿ, ನಮ್ಮ ಮಾತಿನ ಮೇಲೆ ನಿಂತಿತ್ತು. ಆ ಕಾಲದ ಫಲವನ್ನು ತೋರಿಸಲು ಒಂದು ವಾಕ್ಯ ಸಾಕು: ‘ರೈತನು ಜಮೀನಿನ ಬಾಕಿ ವಸೂಲಿಯ ವಿರುದ್ಧ ವಕೀಲನಿಂದ ತಾಲೂಕು ಕಚೇರಿಗೆ ಅರ್ಜಿ ಕೊಡಿಸಿದನು.’ ಇದರಲ್ಲಿ ರೈತ, ಬಾಕಿ, ವಸೂಲಿ, ವಕೀಲ, ತಾಲೂಕು, ಅರ್ಜಿ ಅರಬಿಯವು, ಜಮೀನು ಪಾರಸಿಯದು, ಕಚೇರಿ ಹಿಂದುಸ್ತಾನಿಯದು, ವಿರುದ್ಧ ಸಂಸ್ಕೃತದ್ದು. ಅಚ್ಚಗನ್ನಡವೆಂದು ಉಳಿಯುವುದು ಕೊನೆಯ ಕ್ರಿಯಾಪದ ಮತ್ತು ವಿಭಕ್ತಿಗಳು. ಹಾಗಿದ್ದರೂ ಇದು ಕನ್ನಡ ವಾಕ್ಯವಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಭಾಷೆಯ ಬೆನ್ನೆಲುಬು ಇರುವುದು ಪ್ರತ್ಯಯಗಳಲ್ಲಿ, ವಾಕ್ಯದ ಅನ್ವಯದಲ್ಲಿ. ಶಬ್ದಗಳು ನೆಂಟರಂತೆ ಬರುತ್ತವೆ. ಕೆಲವರು ಉಳಿದು ಮನೆಯವರೇ ಆಗುತ್ತಾರೆ.

ಮೈಸೂರು ಸೀಮೆಯ ಸ್ನೇಹಿತರು ನಮ್ಮ ‘ದವಾಖಾನೆ’ಯನ್ನು ಕೇಳಿ ನಕ್ಕು, ‘ಆಸ್ಪತ್ರೆ ಎಂದು ಕನ್ನಡದಲ್ಲಿ ಹೇಳಿ’ ಎನ್ನುವುದುಂಟು. ಆಸ್ಪತ್ರೆಯಾದರೂ ಹಡಗು ಹತ್ತಿ ಬಂದ ಐರೋಪ್ಯ ಶಬ್ದವೇ. ಒಬ್ಬರು ನೆಲದ ದಾರಿಯಲ್ಲಿ ತಂದರು, ಇನ್ನೊಬ್ಬರು ನೀರಿನ ದಾರಿಯಲ್ಲಿ ತಂದರು. ಕನ್ನಡತನದ ದೃಷ್ಟಿಯಿಂದ ಇಬ್ಬರದೂ ಸಮ. ‘ಜಳಕ’ವನ್ನು ಹಳ್ಳಿಯದೆಂದು ‘ಸ್ನಾನ’ಕ್ಕೆ ಬದಲಾಯಿಸುವವರೂ, ‘ಉಂಡ್ರ್ಯಾ?’ ಎಂದರೆ ಒರಟು, ‘ಊಟ ಮಾಡಿದಿರಾ?’ ಎಂದರೆ ಸಭ್ಯ ಎನ್ನುವವರೂ ಇದ್ದಾರೆ. ಊಟ ಹುಟ್ಟಿದ್ದೇ ಉಣ್ಣುವುದರಿಂದ ಎಂಬುದನ್ನು ಅವರು ಮರೆತಿರುತ್ತಾರೆ. ನಮ್ಮ ಸೀಮೆಯ ದಿನಬಳಕೆಯ ಒಲ್ಲೆ, ಬಲ್ಲೆ, ಅಂಜು, ಒಯ್ಯು ಮುಂತಾದವು ಪಂಪ ರನ್ನರ ಕಾವ್ಯಗಳಲ್ಲಿ ಓಡಾಡಿದ ಶಬ್ದಗಳು. ಮೊಸರುಬಾನದ ‘ಬಾನ’ ಹಳಗನ್ನಡದ ಬೋನ. ಕಾಲೇಜಿನ ತರಗತಿಯಲ್ಲಿ ಹಳಗನ್ನಡ ಪಾಠ ಮಾಡುವಾಗ ಚಿಂಚೋಳಿಯ ಹಳ್ಳಿಯ ಹುಡುಗನಿಗೆ ನಾನು ಅರ್ಥ ಬಿಡಿಸಬೇಕಾಗದ ಎಷ್ಟೋ ಶಬ್ದಗಳಿಗೆ ಪಟ್ಟಣದ ಹುಡುಗ ನಿಘಂಟು ತೆರೆಯಬೇಕಾಗುತ್ತಿತ್ತು.

ಉರ್ದು ಮಾತಾಡುವ ನಮ್ಮ ನೆರೆಯವರ ಕಥೆಯೂ ಇದಕ್ಕಿಂತ ಬೇರೆಯಲ್ಲ. ಶಹಾಬಾದಿನ ಮನೆಗಳಲ್ಲಿ ಕೇಳಿಬರುವ ದಖನಿಯ ‘ನಕ್ಕೋ’ ಮರಾಠಿಯಿಂದ ಬಂದದ್ದು. ಉತ್ತರದ ಉರ್ದು ಪಂಡಿತರು ಅದನ್ನು ಬಹುಕಾಲ ಹಾಸ್ಯ ಮಾಡಿದರು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದು ಮಾಧ್ಯಮದಲ್ಲಿ ಆರಂಭವಾದಾಗ ಅಲ್ಲಿನ ಭಾಷಾಂತರ ಸಂಸ್ಥೆ ವಿಜ್ಞಾನ, ಕಾನೂನುಗಳಿಗೆ ಸಾವಿರಾರು ಪಾರಿಭಾಷಿಕ ಪದಗಳನ್ನು ಬಹುತೇಕ ಅರಬಿ ಪಾರಸಿಗಳಿಂದ ಕಟ್ಟಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಸಾಧ್ಯವೆಂದು ತೋರಿಸಿದ ಮಹತ್ವದ ಪ್ರಯೋಗ ಅದು. ಆದರೆ ಆ ಪದಗಳು ದಖನಿ ಮಾತಾಡುವ ಕೂಲಿಗೂ ದೂರ, ಕನ್ನಡ ಮಾತಾಡುವ ಒಕ್ಕಲಿಗನಿಗೂ ದೂರ. ನಮ್ಮ ಆಡಳಿತ ಕನ್ನಡ ಇದರಿಂದ ಕಲಿಯಬಹುದಾದ ಪಾಠವಿದೆ.

ಇನ್ನು ಯಂತ್ರಯುಗದ ಮಾತು. 1871ರಲ್ಲಿ ಮುಂಬಯಿಯ ಕಡೆಯ ರೈಲುಹಾದಿ ಶಹಾಬಾದ್, ವಾಡಿಗಳ ಮೂಲಕ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಾದಿ ಕೂಡಿತು. ಪಂಡಿತರು ಉಗಿಬಂಡಿ, ಹೊಗೆಬಂಡಿ, ಧೂಮಶಕಟ ಎಂಬ ಹೆಸರುಗಳನ್ನು ಕೊಟ್ಟರು. ಜನ ‘ರೈಲು’ ಎಂದರು, ‘ಗಾಡಿ’ ಎಂದರು, ‘ಟೇಶನ್ನು’ ಎಂದರು. ಇಂದು ಉಗಿಯೂ ಇಲ್ಲ, ಹೊಗೆಯೂ ಇಲ್ಲ. ರೈಲು ಮಾತ್ರ ಇದೆ. ಜನರ ಆಯ್ಕೆ ಪಂಡಿತರದಕ್ಕಿಂತ ಬಾಳಿಕೆಯದಾಯಿತು. ಹಾಗೆಂದು ಪಂಡಿತರು ಯಾವಾಗಲೂ ಸೋತರೆಂದಲ್ಲ. ಸ್ಟೇಷನ್ನಿನ ಪಕ್ಕದಲ್ಲೇ ‘ನಿಲ್ದಾಣ’ ಎಂಬ ಚೆಲುವಾದ ಮಾತು ನೆಲೆನಿಂತಿತು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತೆರೆದ ಪ್ರಸಾರ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಭಾರತದ ಬಾನುಲಿಗೇ ಹೆಸರಾಯಿತು. ಹೊಸ ಶಬ್ದ ಕಿವಿಗೆ ಇಂಪಾಗಿ, ಅರ್ಥಕ್ಕೆ ಹತ್ತಿರವಾಗಿ ಇದ್ದರೆ ಜನ ಅದನ್ನು ಬೇಡವೆನ್ನುವುದಿಲ್ಲ.

ಶಹಾಬಾದಿನ ಕಲ್ಲನ್ನೇ ನೋಡಿ. ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಆ ಸುಣ್ಣಕಲ್ಲಿನ ಹಾಸುಗಲ್ಲಿಗೆ ನಮ್ಮಲ್ಲಿ ‘ಫರಸಿ’ ಎನ್ನುತ್ತಾರೆ. ನೆಲಹಾಸು ಎಂಬರ್ಥದ ‘ಫರ್ಶ್’ ಅದರ ಮೂಲ. ಊರಿನ ಹೆಸರು ಪಾರಸಿ, ಕಲ್ಲಿನ ಹೆಸರು ಪಾರಸಿ. ಅದನ್ನು ಖಣಿಯಿಂದ ಎಬ್ಬಿಸುವವನು ಕನ್ನಡ, ತೆಲುಗು, ದಖನಿ ಇವುಗಳಲ್ಲಿ ಒಂದನ್ನೋ ಮೂರನ್ನೋ ಆಡುವ ಕೂಲಿ. ಪದರದ ದಪ್ಪಕ್ಕೆ, ಬಿರುಕಿಗೆ, ಬಣ್ಣಕ್ಕೆ ಅವನಲ್ಲಿ ಬೇರೆ ಬೇರೆ ಮಾತುಗಳಿವೆ. ಯಂತ್ರದ ಗರಗಸ ಬಂದಮೇಲೆ ಕೈಕೆಲಸ ಕಡಿಮೆಯಾಯಿತು. ಅದರ ಮಾತುಗಳೂ ಕಡಿಮೆಯಾಗುತ್ತಿವೆ. ನಿಜವಾದ ನಷ್ಟ ಇಲ್ಲಿದೆಯೆಂದು ನನಗೆ ತೋರುತ್ತದೆ. ಒಂದು ಶಬ್ದದ ಬದಲು ಇನ್ನೊಂದು ಶಬ್ದ ಬಂದರೆ ಭಾಷೆ ಬಡವಾಗುವುದಿಲ್ಲ. ಕಸುಬು ಹೋಗಿ, ಅದರ ಜೊತೆಗೆ ಶಬ್ದವೂ, ಅದು ಗುರುತಿಸುತ್ತಿದ್ದ ಸೂಕ್ಷ್ಮವೂ ಹೋದರೆ ಬಡವಾಗುತ್ತದೆ. ಪತ್ರಿಕೆಗಳಲ್ಲಿ ಇದರ ಬಗ್ಗೆ ವಾದ ನಡೆಯುವುದು ಕಡಿಮೆ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಕಲಬುರಗಿ, ರಾಯಚೂರು, ಬೀದರಗಳು ಕನ್ನಡ ನಾಡಿಗೆ ಸೇರಿದವು. ಸೇಡಂ ಚಿಂಚೋಳಿಗಳ ಮಗ್ಗುಲಲ್ಲೇ ಇದ್ದ ತಾಂಡೂರು, ಕೊಡಂಗಲ್ ತಾಲೂಕುಗಳು ಆಂಧ್ರಕ್ಕೆ ಹೋದವು. ಶತಮಾನಗಳ ತರುವಾಯ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಓದುವ ಭಾಗ್ಯ ಬಂತು. ಆದರೆ ಪಠ್ಯಪುಸ್ತಕದ ಕನ್ನಡ ಮನೆಯ ಕನ್ನಡವಾಗಿರಲಿಲ್ಲ. ‘ಸರ, ನಾ ಊರಿಗಿ ಹೋಗ್ಲತ್ತೀನ್ರಿ’ ಎಂದ ಹುಡುಗನಿಗೆ, ‘ಕನ್ನಡ ಸರಿಯಾಗಿ ಮಾತಾಡು’ ಎಂಬ ಗದರಿಕೆ ಸಿಗುತ್ತಿತ್ತು. ಉರ್ದು ಶಾಲೆಯಲ್ಲಿ ಅವನಪ್ಪನಿಗೆ ಹೇಳಿದ್ದು, ನಿನ್ನ ಭಾಷೆ ಇಲ್ಲಿ ನಡೆಯುವುದಿಲ್ಲವೆಂದು. ಮಗನಿಗೆ ಹೇಳಿದ್ದು, ನಿನ್ನದು ಭಾಷೆಯೇ ಅಲ್ಲವೆಂದು. ಎರಡರಲ್ಲಿ ಯಾವುದು ಹೆಚ್ಚು ನೋಯಿಸೀತು?

ಆ ಹುಡುಗನ ವಾಕ್ಯವನ್ನು ವ್ಯಾಕರಣದ ಕಣ್ಣಿನಿಂದ ನೋಡೋಣ. ‘ಹೋಗಲಿಕ್ಕೆ ಹತ್ತಿದ್ದೇನೆ’ ಎಂಬುದು ಬಾಯಲ್ಲಿ ಸವೆದು ‘ಹೋಗ್ಲತ್ತೀನಿ’ ಆಗಿದೆ. ಹತ್ತು ಎಂದರೆ ತೊಡಗು, ಅಂಟು. ‘ಮಳೆ ಹತ್ತಿತು’, ‘ಬೆಂಕಿ ಹತ್ತಿತು’ ಎನ್ನುವಲ್ಲಿರುವ ಹತ್ತು. ಇದು ಹಳಗನ್ನಡದ ಪತ್ತು. ಗ್ರಂಥಸ್ಥ ಕನ್ನಡದ ‘ಹೋಗುತ್ತಿದ್ದೇನೆ’ಯಾದರೋ ‘ಹೋಗುತ್ತ ಇದ್ದೇನೆ’ ಎಂಬುದು 
ಕೂಡಿಕೊಂಡು ಆದದ್ದು. ಎರಡೂ ಸಹಾಯಕ ಕ್ರಿಯಾಪದದಿಂದ ಕಟ್ಟಿದ ರೂಪಗಳೇ. ಒಂದಕ್ಕೆ ಪುಸ್ತಕದಲ್ಲಿ ಜಾಗ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ‘ಅದ’, ‘ಐತಿ’, ‘ಇದೆ’ ಎಂಬ ಮೂರು ರೂಪಗಳ ಪಾಡೂ ಇದೇ. ಬರೆಯುವಾಗ ‘ಇದೆ’ ಎಂದು ಬರೆಯಲು ಹುಡುಗನಿಗೆ ಕಲಿಸಲೇಬೇಕು. ಇಡೀ ನಾಡಿಗೆ ಒಂದು ಬರಹದ ಭಾಷೆ ಬೇಕು, ಅದಿಲ್ಲದಿದ್ದರೆ ಚಿಂಚೋಳಿಯವನ ಅರ್ಜಿ ಚಾಮರಾಜನಗರದಲ್ಲಿ ತಿಳಿಯಲಾರದು. ಆದರೆ ‘ನಿನ್ನ ಮನೆಯ ಮಾತು ತಪ್ಪು’ ಎಂದು ಹೇಳುವುದಕ್ಕೂ, ‘ಬರಹದಲ್ಲಿ ನಾವು ಹೀಗೆ ಬರೆಯುತ್ತೇವೆ’ ಎಂದು ಹೇಳುವುದಕ್ಕೂ ಬಹಳ ಅಂತರವಿದೆ. ಮೊದಲನೆಯದನ್ನು ಕೇಳಿದ ಹುಡುಗ ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾನೆ. ಅಧ್ಯಾಪಕನಾಗಿ ಅಂಥ ಮೌನಗಳನ್ನು ನಾನು ಬಹಳ ಕಂಡಿದ್ದೇನೆ. ಕಾಲೇಜಿಗೆ ಬಂದಮೇಲೂ ಅವು ಬೇಗ ಒಡೆಯುವುದಿಲ್ಲ.

ಹಾಗಾದರೆ ತಪ್ಪು ಎಂಬುದೇ ಇಲ್ಲವೆ? ಇದೆ. ಇಲ್ಲವೆನ್ನುವುದು ಉದಾರತೆಯಲ್ಲ, ಸೋಮಾರಿತನ. ಊರಿನ ಹೋಟೆಲಿನ ಹಲಗೆಯ ಮೇಲೆ ‘ಉಪಹಾರ’ ಎಂದಿದ್ದರೆ ಅದರ ಅರ್ಥ ಕಾಣಿಕೆ. ತಿಂಡಿಗೆ ‘ಉಪಾಹಾರ’ ಎನ್ನಬೇಕು. ‘ಅನಾನುಕೂಲ’ ಅಲ್ಲ, ಅನನುಕೂಲ. ‘ಜಾತ್ಯಾತೀತ’ ಅಲ್ಲ, ಜಾತ್ಯತೀತ. ಬಿ. ಎಂ. ಶ್ರೀಕಂಠಯ್ಯನವರು — 1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು — ತಮ್ಮ ಪುಸ್ತಕಕ್ಕೆ ‘ಇಂಗ್ಲಿಷ್ ಗೀತಗಳು’ ಎಂದು ಹೆಸರಿಟ್ಟರೆ, ನಮ್ಮ ಪ್ರಶ್ನಪತ್ರಿಕೆಗಳು ಅದನ್ನು ಎಡೆಬಿಡದೆ ‘ಗೀತೆಗಳು’ ಎಂದು ತಿದ್ದುತ್ತ ಬಂದಿವೆ. ಇವು ಬರೆಯುವವನ ಅಲಕ್ಷ್ಯದಿಂದ ಆಗುವ ತಪ್ಪುಗಳು. ಯಾವ ಸೀಮೆಯ ಆಡುಮಾತೂ ಅಲ್ಲ. ಇವನ್ನು ತಿದ್ದಬಹುದು, ತಿದ್ದಬೇಕು.

ಇನ್ನೊಂದು ಬಗೆ ಅರ್ಥಪಲ್ಲಟ. ‘ಅನುಮಾನ’ವೆಂದರೆ ತರ್ಕಶಾಸ್ತ್ರದಲ್ಲಿ ಒಂದು ಪ್ರಮಾಣ, ಕನ್ನಡದಲ್ಲಿ ಸಂಶಯ. ‘ಅವಾಂತರ’ವೆಂದರೆ ನಡುವಿನದು, ಕನ್ನಡದಲ್ಲಿ ಅನಾಹುತ. ‘ಉಪನ್ಯಾಸ’ ನಮಗೆ ಭಾಷಣ, ಹಿಂದಿಯವರಿಗೆ ಕಾದಂಬರಿ. ಆ ‘ಕಾದಂಬರಿ’ಯಾದರೋ ಬಾಣಭಟ್ಟನ ನಾಯಕಿಯ ಹೆಸರು, ಕನ್ನಡ ಮರಾಠಿಗಳಲ್ಲಿ ಒಂದು ಸಾಹಿತ್ಯ ಪ್ರಕಾರಕ್ಕೇ ಹೆಸರಾಗಿ ಕುಳಿತಿದೆ. ಇವು ಹುಟ್ಟುವಾಗ ತಪ್ಪುಗಳೇ ಆಗಿದ್ದಿರಬಹುದು. ಇಂದು ಇವನ್ನು ತಿದ್ದ ಹೊರಟವನೇ ತಪ್ಪಿತಸ್ಥನಾಗುತ್ತಾನೆ. ಹೀಗೆ ಅಲಕ್ಷ್ಯದ ತಪ್ಪು, ಸೀಮೆಯ ಭೇದ, ಕಾಲದ ಬದಲಾವಣೆ — ಈ ಮೂರನ್ನೂ ಒಂದೇ ಕೆಂಪು ಶಾಯಿಯಿಂದ ಗೀಚುವುದೇ ನಮ್ಮ ಚರ್ಚೆಗಳ ದೊಡ್ಡ ದೋಷ.

ಈ ವಿವೇಕವನ್ನು ತೋರಿದ ಹಿರಿಯರು ನಮ್ಮಲ್ಲಿದ್ದರು. ‘ಕಸ್ತೂರಿ’ಯ ಪಾ. ವೆಂ. ಆಚಾರ್ಯರು ಒಂದೊಂದು ಶಬ್ದದ ಹಿಂದಿನ ಕಥೆಯನ್ನು ಬಿಡಿಸಿ ಓದುಗರಿಗೆ ರುಚಿ ಹತ್ತಿಸಿದರು. ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ, ಇದು ಸರಿಯೋ ಅದು ಸರಿಯೋ ಎಂದು ಕೇಳಿದವರಿಗೆ ಪ್ರಯೋಗಗಳನ್ನು ತೋರಿಸಿ ಉತ್ತರಿಸಿದರು. ಅವರು ನೇತೃತ್ವ ವಹಿಸಿದ್ದ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಕ್ರಮವೂ ಅದೇ: ಶಬ್ದ ಹೀಗಿರಬೇಕೆಂದು ಆಜ್ಞೆ ಮಾಡುವುದಲ್ಲ, ಶಾಸನದಿಂದ ಇಂದಿನವರೆಗೆ ಎಲ್ಲಿ ಹೇಗೆ ಬಳಕೆಯಾಗಿದೆ ಎಂದು ತೋರಿಸುವುದು. ಇತ್ತೀಚೆಗೆ ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದೂ, ಬರಹದಿಂದ ಮಹಾಪ್ರಾಣಗಳನ್ನು ಬಿಡಬಹುದೆಂದೂ ವಾದಿಸಿದ್ದಾರೆ. ಅವರ ಮೊದಲನೆಯ ಮಾತನ್ನು ಒಪ್ಪುವ ನಾನು ಎರಡನೆಯದರಲ್ಲಿ ಹಿಂದೆಮುಂದೆ ನೋಡುತ್ತೇನೆ. ‘ಖರೇ’ ಎನ್ನುವ ನಮ್ಮ ಸೀಮೆಯವನ ಬಾಯಲ್ಲಿ ಖಕಾರ ಸ್ಫುಟವಾಗಿಯೇ ಇದೆ. ಅದನ್ನು ಬಿಟ್ಟರೆ ಅವನ ಮಾತು ಬರಹದಿಂದ ಇನ್ನಷ್ಟು ದೂರವಾದೀತು.

ಹೆಸರುಗಳ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಸಂತೋಷವೇ. ಹಳ್ಳಿಯ ಜನ ಮೊದಲಿನಿಂದಲೂ ಕಲಬುರ್ಗಿ ಎಂದೇ ಅನ್ನುತ್ತಿದ್ದರು. ಅದೇ 2019ರಲ್ಲಿ ನಮ್ಮ ತೊಗರಿಬೇಳೆಗೆ ಭೌಗೋಳಿಕ ಗುರುತು ದೊರೆತದ್ದು ಮಾತ್ರ ‘ಗುಲಬರ್ಗಾ’ ಎಂಬ ಹೆಸರಿನಲ್ಲಿ! ಆಜ್ಞೆ ಒಂದು ಕಡೆ ನಡೆದರೆ ಪೇಟೆ ತನ್ನ ಕಡೆ ನಡೆಯುತ್ತದೆ.

ನಮ್ಮ ಮುಂದಿರುವ ಕೆಲಸ ಶಬ್ದಗಳಿಗೆ ಕಾವಲು ಕೂರುವುದಲ್ಲ, ಅವನ್ನು ಕೂಡಿಡುವುದು. ಶಹಾಬಾದಿನ ಖಣಿಯ ಮಾತು, ಸೇಡಂ ಚಿತ್ತಾಪುರಗಳ ತೊಗರಿ ಹೊಲದ ಮಾತು, ಚಿಂಚೋಳಿಯ ಗಡಿಯಲ್ಲಿ ತೆಲುಗಿನೊಡನೆ ಹೆಣೆದುಕೊಂಡ ಕನ್ನಡ, ತಾಂಡಾಗಳ ಲಂಬಾಣಿ ಕಲೆತ ಕನ್ನಡ, ಕಡಕೋಳ ಮಡಿವಾಳಪ್ಪನ ಪರಂಪರೆಯ ತತ್ವಪದಗಳಲ್ಲಿ ಉರ್ದುವಿನೊಡನೆ ಕೂಡಿ ಹಾಡುವ ಕನ್ನಡ — ಇವನ್ನೆಲ್ಲ ಬಲ್ಲ ಮುದುಕರು ಇನ್ನೂ ಇದ್ದಾರೆ. ಪ್ರತಿ ತಾಲೂಕಿನ ಶಾಲೆ ಕಾಲೇಜುಗಳ ಕನ್ನಡ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ, ನಿಮ್ಮ ಅಜ್ಜ ಅಜ್ಜಿಯರಿಂದ ಇಪ್ಪತ್ತು ಶಬ್ದಗಳನ್ನು ಅರ್ಥಸಹಿತ ಬರೆದುಕೊಂಡು ಬನ್ನಿ ಎಂದು ಹೇಳಿದರೆ ಸಾಕು. ಕೆಲವೇ ವರ್ಷಗಳಲ್ಲಿ ಒಂದು ಸೀಮೆಯ ನಿಘಂಟು ಸಿದ್ಧವಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದೆಂದರೆ, ಮನೆಯ ಮಾತು ಶಾಲೆಯ ಹಲಗೆಯ ಮೇಲೆ ಬರೆಯಲು ಯೋಗ್ಯವಾದದ್ದೆಂದು ಆ ಮಕ್ಕಳಿಗೆ ಗೊತ್ತಾಗುತ್ತದೆ.

ಓದು ಬರಹ ಕಲಿಯದಿದ್ದರೂ ಕಾವ್ಯವನ್ನು ಬಲ್ಲ ಜನ ಈ ನಾಡಿನವರು ಎಂದು ಹೊಗಳಿದ ಗ್ರಂಥ ಮಳಖೇಡದಲ್ಲಿ ಹುಟ್ಟಿತು. ದೋಷಗಳ ಪಟ್ಟಿ ಕೊಟ್ಟವನೇ ಆ ಹೊಗಳಿಕೆಯನ್ನೂ ಬರೆದ. ಶಬ್ದಶುದ್ಧಿಯ ಬಗ್ಗೆ ವಾದಿಸುವ ನಾವು ಅವನ ಪಟ್ಟಿಯನ್ನು ಮಾತ್ರ ನೆನಪಿಟ್ಟುಕೊಂಡು ಹೊಗಳಿಕೆಯನ್ನು ಮರೆಯಬಾರದು.